ನಮ್ಮ ಘೋರ ಪಡೆ

ಬ್ಯಾಸ್ಕೆಟ್‌ಬಾಲ್ ಸೀಸನ್ ನಡೆಯುವಾಗ ಭಾನುವಾರ ಬೆಳಿಗ್ಗೆ ನನಗೆ ದನಿ ಇರುವುದಿಲ್ಲ. ಇದು ರೋಗವಲ್ಲ, ಅಭ್ಯಾಸ. ಬಿಸಿನೀರಿಗೆ ಉಪ್ಪು, ಅರಿಸಿನ ಹಾಕಿಕೊಂಡು ಬಚ್ಚಲಲ್ಲಿ ಗಳಗಳ ಮಾಡುತ್ತ ನಿಂತಿದ್ದರೆ ನಮ್ಮ ಯಜಮಾನರು ಶ್ರೀಧರ ಪೇಪರಿನ ಹಿಂದಿನಿಂದ, "ನಿನ್ನೆನೂ ಸೋತ್ರಾ?" ಎಂದು ಕೇಳುತ್ತಾರೆ. ಉತ್ತರ ಅವರಿಗೆ ಗೊತ್ತು. ಆದರೂ ಕೇಳುತ್ತಾರೆ, ಏಕೆಂದರೆ ವಾರದಲ್ಲಿ ಅದೊಂದು ದಿನ ಮಾತ್ರ ನಾನು ತಿರುಗಿ ಉತ್ತರ ಕೊಡಲಾರೆ. ಅಂದು ತಿಂಡಿ ಏನೆಂದು ಅವರೇ ನಿರ್ಧರಿಸಿ, ಅವರೇ ಉಪ್ಪಿಟ್ಟು ಕೆದಕಿ, ಅವರೇ ತಿಂದು, ಅವರೇ "ಚೆನ್ನಾಗಾಗಿದೆ ಅಲ್ವಾ?" ಎನ್ನುತ್ತಾರೆ. ನಾನು ತಲೆಯಾಡಿಸಬೇಕು. ಇಷ್ಟು ಸುಖದ ಸಂಸಾರ ಪುಣೆಯಲ್ಲಿ ಇನ್ನೊಂದು ಇರಲಾರದು ಎಂದು ಅವರ ಮುಖದಲ್ಲೇ ಬರೆದಿರುತ್ತದೆ.

ನಾನು ಹಲ್ಲಿನ ಡಾಕ್ಟರು. ಹಡಪಸರದಲ್ಲಿ ಒಂದು ಬೇಕರಿಯ ಮೇಲಿನ ಮಹಡಿಯಲ್ಲಿ ನನ್ನ ಕ್ಲಿನಿಕ್ಕು. ಕೆಳಗೆ ಅವರು ಸಿಹಿ ಮಾರುತ್ತಾರೆ, ಮೇಲೆ ನಾನು ಹುಳುಕು ತುಂಬುತ್ತೇನೆ, ಇಬ್ಬರ ವ್ಯಾಪಾರವೂ ಚೆನ್ನಾಗಿದೆ. ವಾರವೆಲ್ಲ ಮೂರು ಭಾಷೆಗಳಲ್ಲಿ ಬಾಯಿ ತೆಗೆಯಿರಿ ಎಂದು ಹೇಳುವುದು ನನ್ನ ಕೆಲಸ. ಬಾಯಿ ತೆಗೆದವರು ಮಾತಾಡುವಂತಿಲ್ಲ, ಹಾಗಾಗಿ ನಾನೊಬ್ಬಳೇ ಮಾತಾಡಿ ರೂಢಿಯಾಗಿದೆ. ಆದರೆ ಅಲ್ಲಿ ಮೆತ್ತಗೆ ಮಾತಾಡಬೇಕು, ಕೈಯಲ್ಲಿ ಡ್ರಿಲ್ ಹಿಡಿದವಳು ಗದರಿದರೆ ರೋಗಿ ಎದ್ದು ಓಡುತ್ತಾನೆ. ಹೀಗೆ ವಾರವಿಡೀ ಒಳಗೆ ಕಟ್ಟಿಟ್ಟುಕೊಂಡ ದನಿಯನ್ನೆಲ್ಲ ಶನಿವಾರ ಸಂಜೆ ಸ್ಟೇಡಿಯಂಗೆ ಹೋಗಿ ಬಿಟ್ಟು ಬರುತ್ತೇನೆ.

ನಮ್ಮ ತಂಡದ ಹೆಸರು ಪುಣೆ ಘೋರಪಡ್ಸ್. ಘೋರಪಡ ಎಂದರೆ ಮರಾಠಿಯಲ್ಲಿ ಉಡ. ಈ ಸೀಮೆಯಲ್ಲಿ ಉಡಕ್ಕೆ ಇರುವ ಮರ್ಯಾದೆ ಇನ್ನೆಲ್ಲೂ ಕಾಣೆ. ಹಿಂದಿನ ಕಾಲದಲ್ಲಿ ಕೋಟೆ ಹತ್ತುವಾಗ ಅದರ ಸೊಂಟಕ್ಕೆ ಹಗ್ಗ ಕಟ್ಟಿ ಗೋಡೆಯ ಮೇಲಕ್ಕೆ ಎಸೆಯುತ್ತಿದ್ದರಂತೆ. ಅದು ಕಲ್ಲನ್ನು ಹಿಡಿದುಕೊಂಡರೆ ಕೆಳಗಿನಿಂದ ಆಳಿನ ಹಿಂದೆ ಆಳು ಹಗ್ಗ ಹಿಡಿದು ಹತ್ತಿದರೂ ಬಿಡುತ್ತಿರಲಿಲ್ಲವಂತೆ. ನಮ್ಮಲ್ಲೂ ಉಡದ ಹಿಡಿತ ಎನ್ನುತ್ತೇವಲ್ಲ, ಅದೇ. ನಮ್ಮ ತಂಡದವರ ಕೈಗೆ ಚೆಂಡು ಬಂದರೆ ಮಾತ್ರ ಅದು ಸ್ನಾನದ ಸೋಪಾಗಿಬಿಡುತ್ತದೆ. ಎದುರಿನವರು ಕಿತ್ತುಕೊಳ್ಳಬೇಕೆಂದೇ ಇಲ್ಲ, ಒಂದು ಗಳಿಗೆ ಕಾದರೆ ತಾನಾಗಿ ಜಾರಿ ಬರುತ್ತದೆ. ನಾನು ಕನ್ನಡದವಳು, ಈ ಹೆಸರನ್ನು ಮೊದಲ ಸಲ ಬೋರ್ಡಿನ ಮೇಲೆ ಕಂಡಾಗಲೇ ಎರಡು ಮಾತಾಗಿ ಬಿಡಿಸಿ ಓದಿದ್ದೆ. ಘೋರ, ಪಡೆ. ಹೆಸರಿಟ್ಟವರಿಗೆ ಕನ್ನಡ ಬರುವುದಿಲ್ಲ, ಆದರೂ ಸರಿಯಾಗಿಯೇ ಇಟ್ಟಿದ್ದಾರೆ.

ಈ ತಂಡ ಸೋಲುವುದರ ಬಗ್ಗೆ ನನಗೆ ಅಂಥ ತಕರಾರಿಲ್ಲ. ಸೋಲುವ ರೀತಿಯ ಬಗ್ಗೆ ಇದೆ. ಫ್ರೀ ಥ್ರೋ ಎಂದು ಒಂದಿದೆ: ಎದುರಿಗೆ ಯಾರೂ ಅಡ್ಡ ನಿಲ್ಲುವುದಿಲ್ಲ, ಯಾರೂ ಮುಟ್ಟುವುದಿಲ್ಲ, ಚೆಂಡು ಕೈಗೆ ಕೊಟ್ಟು, ಅಪ್ಪಾ ಹಾಕು ಎಂದು ಎಲ್ಲರೂ ಸುಮ್ಮನೆ ನಿಂತುಕೊಳ್ಳುತ್ತಾರೆ. ಮದುವೆಮನೆಯಲ್ಲಿ ಎಲೆಗೆ ಬಡಿಸಿ ಊಟ ಮಾಡಿ ಎಂದ ಹಾಗೆ. ನಮ್ಮ ಕ್ಯಾಪ್ಟನ್ ಅದನ್ನೂ ಹಾಕಲಾರ. ಚೆಂಡನ್ನು ನೆಲಕ್ಕೆ ಬಡಿದು, ಕಣ್ಣು ಮುಚ್ಚಿ, ಕತ್ತಿನ ತಾಯಿತಕ್ಕೆ ಮುತ್ತಿಟ್ಟು, ಉಸಿರು ಬಿಟ್ಟು, ಎಲ್ಲ ಶಾಸ್ತ್ರವನ್ನೂ ಮುಗಿಸಿ ಎಸೆದರೆ ಅದು ಬುಟ್ಟಿಯ ಕಬ್ಬಿಣದ ಬಳೆಯನ್ನೂ ಮುಟ್ಟದೆ ಆಚೆ ಹೋಗುತ್ತದೆ. ಕೋಚ್ ಸಾಹೇಬರು ಪಕ್ಕದಲ್ಲಿ ನಿಂತು ಟವೆಲಿನ ತುದಿ ಅಗಿಯುತ್ತಾರೆ. ಅವರ ಎಡ ದವಡೆಯ ಹಲ್ಲುಗಳು ಸವೆಯುತ್ತಿರುವುದು ನನಗೆ ಸ್ಟ್ಯಾಂಡಿನಿಂದಲೇ ತಿಳಿಯುತ್ತದೆ. ಒಮ್ಮೆ ನನ್ನ ಕಾರ್ಡು ಕೊಟ್ಟು ಬರೋಣ ಎಂದುಕೊಂಡೆ, ಶ್ರೀಧರ ಬೇಡವೆಂದರು.

ತಂಡಕ್ಕೆ ಒಬ್ಬ ವೇಷಧಾರಿ ಉಡವೂ ಇದೆ. ಹಸಿರು ರಬ್ಬರಿನ ಚರ್ಮ ತೊಟ್ಟ ಮನುಷ್ಯ, ಹಿಂದೆ ಆಳುದ್ದದ ಬಾಲ. ವಿರಾಮದಲ್ಲಿ ಮಕ್ಕಳನ್ನು ನಗಿಸುವುದು ಅವನ ಕೆಲಸ. ಪಾಪ, ಆ ಸೆಖೆಯಲ್ಲಿ ಆ ವೇಷ ಹಾಕಿಕೊಂಡು ಕುಣಿಯುವುದು ಸುಲಭವಲ್ಲ. ಆದರೆ ಒಂದು ಶನಿವಾರ ವಿರಾಮ ಮುಗಿದರೂ ಅವನ ಬಾಲ ಅಂಗಳದಲ್ಲೇ ಉಳಿದಿತ್ತು, ನಮ್ಮವನೇ ಅದನ್ನು ತುಳಿದು ಧೊಪ್ಪನೆ ಬಿದ್ದ, ಎದುರಾಳಿ ಅವನನ್ನು ದಾಟಿಕೊಂಡು ಹೋಗಿ ಚೆಂಡು ಹಾಕಿದ. ಸ್ವಂತ ಉಡದ ಬಾಲಕ್ಕೆ ಎಡವಿ ಸೋತ ತಂಡ ಜಗತ್ತಿನಲ್ಲಿ ಇನ್ನೊಂದು ಇದ್ದರೆ ತೋರಿಸಿ.

"ಗೆಲ್ಲೋ ಟೀಮ್ ಯಾವುದಾದ್ರೂ ಹಿಡ್ಕೋಬಾರ್ದಾ?" ಎಂದು ಶ್ರೀಧರ ಕೇಳುತ್ತಾರೆ. ಅವರು ಕ್ರಿಕೆಟ್ಟಿನವರು, ಸೋಫಾದ ಮೇಲೆ ಮಲಗಿಕೊಂಡು ದೇಶ ಗೆಲ್ಲಿಸುವವರು. ಗೆಲ್ಲುವವರಿಗೆ ಜನ ಬೇಕಾದಷ್ಟಿದ್ದಾರೆ, ನಾನು ಹೋಗದಿದ್ದರೆ ನಮ್ಮವರಿಗೆ ಒಬ್ಬರು ಕಡಿಮೆಯಾಗುತ್ತಾರೆ ಎಂದು ಹೇಳಿದರೆ ಅವರಿಗೆ ಅರ್ಥವಾಗುವುದಿಲ್ಲ. ಅರ್ಥವಾಗಬೇಕಾದರೆ ಮಂಡ್ಯದಲ್ಲಿ ಹುಟ್ಟಬೇಕು.

ಮಂಡ್ಯ ಎಂದರೆ ನೀವು ಕಬ್ಬು, ಬೆಲ್ಲ, ಸಕ್ಕರೆ ಎನ್ನುತ್ತೀರಿ. ನನಗೆ ಮಂಡ್ಯ ಎಂದರೆ ಬ್ಯಾಸ್ಕೆಟ್‌ಬಾಲು. ನಮ್ಮ ಬೀದಿಯ ತುದಿಯಲ್ಲೇ ಒಂದು ಅಂಗಳವಿತ್ತು. ಸಂಜೆ ದೀಪ ಹಾಕಿದರೆ ಊರಿನ ಅರ್ಧ ಜನ ಕಡಲೆಕಾಯಿ ಪೊಟ್ಟಣ ಹಿಡಿದು ಅಲ್ಲಿ ಸೇರುತ್ತಿದ್ದರು. ದಿನಸಿ ಅಂಗಡಿಯವರು, ವಕೀಲರು, ಗಾಡಿ ಹೊಡೆಯುವವರು ಎಲ್ಲ ಒಂದೇ ಕಲ್ಲುಕಟ್ಟೆಯ ಮೇಲೆ ಕುಳಿತು ರೆಫ್ರಿಯನ್ನು ಬೈಯುತ್ತಿದ್ದರು. ನಮ್ಮಜ್ಜಿ ಒಂದೇ ಒಂದು ಸಲ ನೋಡಲು ಬಂದವಳು, ಸೆರಗು ಹೊದ್ದು ಸ್ವಲ್ಪ ಹೊತ್ತು ನಿಂತು ನೋಡಿ, "ತಳನೇ ಇಲ್ದಿರೋ ಮಕ್ರಿಗೆ ಚೆಂಡು ಹಾಕದು, ಅದು ಕೆಳಕ್ ಬೀಳದು, ತಿರ್ಗ ಎತ್ಕಳದು. ಇವ್ರಿಗೇನು ಬ್ಯಾರೆ ಕ್ಯಾಮೆ ಇಲ್ವಾ? ಯಾರಾದ್ರೂ ಆ ಮಕ್ರಿಗೊಂದು ತಳ ಹೊಲ್ಸಿ ಕೊಡ್ರಪ್ಪಾ" ಎಂದು ಹೇಳಿ ಮನೆಗೆ ಹೋಗಿಬಿಟ್ಟಳು. ಇಡೀ ಕಟ್ಟೆ ನಕ್ಕಿತು. ನನಗೆ ನಾಚಿಕೆಯಾಗಿ ಅವಳು ನಮ್ಮಜ್ಜಿಯೇ ಅಲ್ಲವೆಂಬಂತೆ ಆಕಾಶ ನೋಡಿದೆ.

ನಾನೂ ಶಾಲೆಯ ತಂಡದಲ್ಲಿದ್ದೆ. ಇದ್ದೆ ಎಂದರೆ ಬೆಂಚಿನ ಮೇಲಿದ್ದೆ. ವಿರಾಮದಲ್ಲಿ ಆಡುವ ಹುಡುಗಿಯರಿಗೆ ಮೂಸಂಬಿ ಸುಲಿದು ಕೊಡುವುದು ನನ್ನ ಪಾಲಿನ ಜವಾಬ್ದಾರಿ. ತೊಳೆ ಹರಿಯದಂತೆ, ಬಿಳಿ ನಾರು ಉಳಿಯದಂತೆ, ಎಷ್ಟು ಚೊಕ್ಕವಾಗಿ ಸುಲಿಯುತ್ತಿದ್ದೆನೆಂದರೆ ನಮ್ಮ ಪಿ.ಟಿ. ಮೇಡಂ, "ಇವಳ ಕೈ ಕೆಲಸ ನೋಡಿದ್ರೆ ಮುಂದೆ ಡಾಕ್ಟ್ರಾಗ್ತಾಳೆ" ಎಂದಿದ್ದರು. ಅವರ ಮಾತು ನಿಜವಾಯಿತು. ಆಟಕ್ಕೆ ಮಾತ್ರ ಕರೆಯಲಿಲ್ಲ. ಬೆಂಚಿನ ಮೇಲೆ ಕೂತವಳಿಗೆ ಆಟ ಎಷ್ಟು ಚೆನ್ನಾಗಿ ಕಾಣುತ್ತದೆ, ಯಾರು ಎಲ್ಲಿ ತಪ್ಪುತ್ತಾರೆ ಎಂಬುದು ಎಷ್ಟು ಸ್ಪಷ್ಟವಾಗಿ ಹೊಳೆಯುತ್ತದೆ ಎಂದರೆ, ಅಂದಿನಿಂದ ಇಂದಿನವರೆಗೂ ನಾನು ಅದನ್ನೇ ಮಾಡುತ್ತಿದ್ದೇನೆ.

ಇನ್ನು ಶರಣಮ್ಮನ ವಿಷಯಕ್ಕೆ ಬರುತ್ತೇನೆ. ಕಳೆದ ಸೀಸನ್ನಿನ ಮೊದಲ ಶನಿವಾರ ನನ್ನ ಪಕ್ಕದ ಕುರ್ಚಿಯಲ್ಲಿ ಇಳಕಲ್ ಸೀರೆ ಉಟ್ಟ ಒಬ್ಬ ಹೆಂಗಸು ಬಂದು, ಪ್ಲಾಸ್ಟಿಕ್ ಕುರ್ಚಿಯ ಮೇಲೆ ಕಾಲು ಮಡಚಿ, ಮನೆಯ ಕಟ್ಟೆಯ ಮೇಲೆ ಕೂತ ಹಾಗೆ ಕೂತರು. ತೊಡೆಯ ಮೇಲೆ ಬಟ್ಟೆಯ ಗಂಟು. ಆಟ ಶುರುವಾಯಿತು. ನಮ್ಮವರು ಶುರುವಿನಿಂದಲೇ ಸೋಲತೊಡಗಿದರು. ಇದ್ದಕ್ಕಿದ್ದಂತೆ ಈಕೆ ಎದ್ದು ನಿಂತು ಕಿವಿ ಕಿತ್ತುಹೋಗುವಂತೆ ಕೂಗಿದರು: "ಒಗಿ! ಒಗಿಯೋ! ಒಗಿ!"

ಪುಣೆಯ ಸ್ಟೇಡಿಯಮ್ಮಿನಲ್ಲಿ ಕನ್ನಡ ಕೇಳಿ ನನಗೆ ರೋಮಾಂಚನವಾಯಿತು. ಆದರೆ ಅರ್ಥವಾಗಲಿಲ್ಲ. ನಮ್ಮ ಕಡೆ ಒಗೆಯುವುದು ಎಂದರೆ ಬಟ್ಟೆ. ಕಲ್ಲಿನ ಮೇಲೆ ಕುಕ್ಕಿ ಕುಕ್ಕಿ ಒಗೆಯುವುದು. ಸೋಲುತ್ತಿರುವ ತಂಡಕ್ಕೆ ಬಟ್ಟೆ ಒಗೆ ಎಂದು ಯಾಕೆ ಹೇಳುತ್ತಿದ್ದಾರೆ? ಹೋಗಿ ಮನೆಯಲ್ಲಿ ಬಟ್ಟೆ ಒಗೆಯಿರಿ, ಅದಕ್ಕೇ ಲಾಯಕ್ಕು ಎಂಬ ಬೈಗುಳ ಇರಬಹುದು ಎಂದುಕೊಂಡು ನನಗೂ ಹುರುಪು ಬಂತು.

"ಏನನ್ನ ಒಗೀಬೇಕು ಇವ್ರು? ಜೆರ್ಸಿನಾ?" ಎಂದೆ.

ಅವರು ನನ್ನನ್ನು ತಲೆಯಿಂದ ಕಾಲಿನವರೆಗೆ ನೋಡಿದರು. "ಚಂಡ ರೀ! ಚಂಡ ಒಗೀಲಿ ಅಂತೀನಿ. ಕೈಯಾಗ ಹಿಡಕೊಂಡು ಏನ್ ಪೂಜಿ ಮಾಡ್ತಾನೇನು?" ಎಂದರು. ಆಮೇಲೆ ಮೆತ್ತಗೆ, "ಬೆಂಗಳೂರ ಕಡಿಯವರೇನ್ರೀ?" ಎಂದು ಕೇಳಿದರು. ಮಂಡ್ಯ ಎಂದೆ. "ಅದಕ್ಕ," ಎಂದು ಕನಿಕರದಿಂದ ಗಂಟು ಬಿಚ್ಚಿ ಜೋಳದ ರೊಟ್ಟಿ, ಶೇಂಗಾ ಹಿಂಡಿ ಕೈಗೆ ಕೊಟ್ಟರು. ಯಾದಗಿರಿ ಕಡೆಯಲ್ಲಿ ಒಗಿ ಎಂದರೆ ಎಸೆ ಎಂದು ನಾನು ಕಲಿತದ್ದು ಹೀಗೆ, ಬಾಯಿತುಂಬ ರೊಟ್ಟಿ ಇಟ್ಟುಕೊಂಡು.

ಅವರು ಕೂಗುತ್ತಿದ್ದುದು ಒಬ್ಬನಿಗೇ. ನಮ್ಮ ತಂಡದಲ್ಲಿ ಎಲ್ಲರಿಗಿಂತ ಎತ್ತರದವನು, ಬಸವರಾಜ. ಅವನು ಶರಣಮ್ಮನ ಮಗ. ಯಾದಗಿರಿಯಿಂದ ಕಟ್ಟಡದ ಕೆಲಸಕ್ಕೆ ಬಂದು ಹಡಪಸರದಲ್ಲಿ ನೆಲೆ ನಿಂತ ಸಂಸಾರ. ಗಂಡ ಗೌಂಡಿ ಕೆಲಸ ಮಾಡುತ್ತಾರೆ, ಈಕೆ ಒಂದು ಮೆಸ್ಸಿನಲ್ಲಿ ರೊಟ್ಟಿ ಬಡಿಯುತ್ತಾರೆ. ಬಸವರಾಜ ಶಾಲೆಯಲ್ಲಿದ್ದಾಗಲೇ ಬಾಗಿಲಿಗೆ ತಲೆ ಬಡಿಸಿಕೊಳ್ಳುವಷ್ಟು ಬೆಳೆದನಂತೆ, ಯಾರೋ ಮೇಷ್ಟ್ರು ಕೈಗೆ ಚೆಂಡು ಕೊಟ್ಟರಂತೆ. ಈಗ ಒಳ್ಳೆಯ ಆಟಗಾರನೇ. ಗಾಳಿಯಲ್ಲಿ ಹಾರುವ ಚೆಂಡನ್ನೆಲ್ಲ ಬಾಚಿಕೊಳ್ಳುತ್ತಾನೆ. ಆದರೆ ಬಾಚಿಕೊಂಡದ್ದನ್ನು ಬಳೆಗೆ ಹಾಕುವುದಿಲ್ಲ. ಬಳೆಯ ಕೆಳಗೇ ನಿಂತಿದ್ದರೂ, ಕೈ ಚಾಚಿದರೆ ಸಿಗುವಂತಿದ್ದರೂ, ಸುತ್ತ ನೋಡಿ ಇನ್ನೊಬ್ಬನಿಗೆ ಕೊಟ್ಟುಬಿಡುತ್ತಾನೆ. ಆ ಇನ್ನೊಬ್ಬ ಎಂಥವನೆಂದು ನಿಮಗೆ ಆಗಲೇ ಹೇಳಿದ್ದೇನೆ.

"ಯಾಕೆ ಹೀಗೆ ಮಾಡ್ತಾನೆ ನಿಮ್ಮ ಮಗ?" ಎಂದು ಒಂದು ಶನಿವಾರ ನಾನು ಸಿಟ್ಟಿನಿಂದಲೇ ಕೇಳಿದೆ.

ಶರಣಮ್ಮ ರೊಟ್ಟಿ ಮುರಿಯುತ್ತಿದ್ದವರು ನಿಲ್ಲಿಸಿದರು. "ತಪ್ಪು ನಂದ ರೀ. ಸಣ್ಣಾಂವ ಇದ್ದಾಗ ಮೈ ಭಾಳ ಬೆಳೀತು, ಹಸಿವಿ ಭಾಳ. ಉಳದ ಮಕ್ಕಳ ತಾಟಿಗೆ ಕೈ ಹಾಕ್ತಿದ್ದ. ನಾ ಹೊಡದು ಹೊಡದು ಕಲಿಸಿದೆ, ಕೈಗ ಬಂದದ್ದು ಹಂಚಿ ತಿನ್ನಬೇಕು, ಮೊದಲ ಮಂದಿಗೆ ಕೊಡಬೇಕು ಅಂತ. ಎಷ್ಟ್ ಚಂದ ಕಲತಾನ ನೋಡ್ರಿ. ಇಲ್ಲಿ ಬಂದು ಅದನ್ನೇ ಮಾಡ್ಲಾಕತ್ಯಾನ," ಎಂದರು. ನಗು ಬಂತು. ಸಂಕಟವಾದದ್ದು ಇದಕ್ಕೆ: ತಂಡದ ಮ್ಯಾನೇಜರು ಅವನಿಗೆ ಖಡಾಖಂಡಿತವಾಗಿ ಹೇಳಿಬಿಟ್ಟಿದ್ದರಂತೆ, ಚೆಂಡು ಹಾಕದ ಎತ್ತರದವನು ನಮಗೆ ಬೇಡ, ಸೀಸನ್ ಮುಗಿಯುವುದರೊಳಗೆ ಹಾಕಿ ತೋರಿಸದಿದ್ದರೆ ಮುಂದಿನ ವರ್ಷಕ್ಕಿಲ್ಲ. ಸೋದರಮಾವ ಕುರಕುಂಭದ ಕೆಮಿಕಲ್ ಕಾರ್ಖಾನೆಯಲ್ಲಿ ಜಾಗ ನೋಡಿಟ್ಟಿದ್ದ. "ಕೆಲಸ ಕೆಟ್ಟದ್ದಲ್ರೀ," ಎಂದರು ಶರಣಮ್ಮ, "ಆದ್ರ ಅಲ್ಲಿ ಅಷ್ಟುದ್ದದಾಂವ ಬಗ್ಗಿ ಬಗ್ಗಿ ನಡೀಬೇಕಾಗ್ತದ. ಇಲ್ಲಿ ಒಂದ ಕಡೆ ಅಂವ ನೆಟ್ಟಗ ನಿಲ್ತಾನ." ತಾನು ಕಲಿಸಿದ್ದನ್ನು ಮರೆಸಲು ಈ ತಾಯಿ ವಾರ ವಾರ ಎರಡು ಬಸ್ಸು ಬದಲಿಸಿ ಬಂದು ಒಗಿ ಒಗಿ ಎಂದು ಕೂಗುತ್ತಿದ್ದರು. ಅಂದಿನಿಂದ ನಾನೂ ಒಗಿ ಎಂದು ಕೂಗತೊಡಗಿದೆ, ಮಂಡ್ಯದ ಮಾನ ಹೋದರೆ ಹೋಗಲಿ ಎಂದು.

ಇಲ್ಲಿ ಜೋಶಿ ಕಾಕಾ ಬರುತ್ತಾರೆ. ನಮ್ಮ ಮುಂದಿನ ಸಾಲಿನ ಖಾಯಂ ಗಿರಾಕಿ, ರಿಟೈರಾದವರು, ಮನೆಯಿಂದ ತಂದ ಖಾರದ ಚೂಡಾವನ್ನು ಯಾರಿಗೂ ಕೊಡದೆ ತಿನ್ನುವವರು. ಎರಡು ಹೆಂಗಸರು ಹಿಂದೆ ನಿಂತು ಒಂದೇ ಸಮನೆ ಒಗಿ ಒಗಿ ಎನ್ನುವುದು ಅವರ ಕಿವಿಗೆ ಬೇರೆಯಾಗಿ ಕೇಳಿತು. ಮರಾಠಿ ಮನೆಗಳಲ್ಲಿ ಅಳುವ ಕೂಸನ್ನು ತಟ್ಟಿ ಸಮಾಧಾನ ಮಾಡುವ ಮಾತು ಒಂದಿದೆ: "ಉಗೀ ಉಗೀ". ಸುಮ್ಮನಿರು ಕಂದ, ಅಳಬೇಡ ಎಂದರ್ಥ. ಕಾಕಾ ತಿರುಗಿ ನೋಡಿದರು. ಅವರ ಕಣ್ಣಲ್ಲಿ ನೀರಿತ್ತು.

"ಕಿತೀ ಪ್ರೇಮಳ! ಎಂಥ ಪ್ರೀತಿ ನಿಮ್ಮದು!" ಎಂದು ಮರಾಠಿಯಲ್ಲಿ ಹೇಳಿದರು. "ನಾವೆಲ್ಲ ಸೋತ ಹುಡುಗರನ್ನು ಬೈಯುತ್ತೇವೆ. ನೀವು ಕನ್ನಡದವರು ಸಮಾಧಾನ ಮಾಡುತ್ತೀರಿ." ಹೀಗೆಂದವರೇ ಎದ್ದು ನಿಂತು, ಗಾಳಿಯಲ್ಲಿ ಕಾಣದ ಕೂಸೊಂದನ್ನು ತಟ್ಟುತ್ತ, ಜೋಗುಳದ ದಾಟಿಯಲ್ಲಿ ಹಾಡತೊಡಗಿದರು: "ಉಗೀ ಉಗೀ, ಉಗೀ ಉಗೀ..." ಅವರ ಸಾಲು ಹಿಡಿಯಿತು. ಅದರ ಮುಂದಿನ ಸಾಲು ಹಿಡಿಯಿತು. ವಾರಗಟ್ಟಲೆ ಸೋತು ಸೋತು ಬೈಯುವುದಕ್ಕೂ ಬೇಸರ ಬಂದಿದ್ದ ಜನ, ಹೊಸದೊಂದು ಸಿಕ್ಕಿತೆಂದು ಇಡೀ ಸ್ಟೇಡಿಯಂ ತೂಗಾಡುತ್ತ ಜೋಗುಳ ಹಾಡಿತು. ಹಸಿರು ಉಡವೂ ತನ್ನ ಬಾಲವನ್ನೇ ಕೂಸಿನಂತೆ ಎತ್ತಿಕೊಂಡು ತೂಗಿತು. ಎದುರಾಳಿ ತಂಡದವರು ನಗು ತಡೆಯಲಾರದೆ ಚೆಂಡು ಬಿಟ್ಟರು. ಆ ಚೆಂಡನ್ನೂ ನಮ್ಮವರು ಹಿಡಿಯಲಿಲ್ಲ.

"ನಾ ಒಗಿ ಅಂದ್ರ ಇವರು ತೊಟ್ಟಲಾ ತೂಗ್ಲಾಕತ್ಯಾರಲ್ರೀ!" ಎಂದು ಶರಣಮ್ಮ ತಲೆ ತಲೆ ಚಚ್ಚಿಕೊಂಡರು. "ಕಾಕಾ, ಉಗೀ ನ್ಹಾಯ, ಒಗಿ, ಒಗಿ!" ಎಂದು ಅವರ ಭುಜ ಅಲುಗಾಡಿಸಿದರು. ಕಾಕಾ, ಹೌದು ಹೌದು ಎಂದು ಇನ್ನೂ ಜೋರಾಗಿ ಹಾಡಿದರು. ನನ್ನ ಕಷ್ಟ ಬೇರೆ. ನಮ್ಮ ಕಡೆ ಉಗಿ ಎಂದರೆ ಛೀಮಾರಿ ಹಾಕು ಎಂದರ್ಥ. ಸಾವಿರ ಜನ ಒಟ್ಟಾಗಿ ಉಗಿ ಉಗಿ ಎನ್ನುತ್ತಿರುವಾಗ ಮಂಡ್ಯದವಳು ಸುಮ್ಮನಿರಲಾದೀತೇ? ಕ್ಯಾಪ್ಟನ್ನಿನಿಂದ ಹಿಡಿದು ಟವೆಲಿನವರೆಗೆ ಎಲ್ಲರನ್ನೂ ಉಗಿದು ಉಪ್ಪಿನಕಾಯಿ ಹಾಕಿದೆ. ಒಂದೇ ಮಾತಿನಲ್ಲಿ ಮೂವರು ಮೂರು ಕೆಲಸ ಮಾಡುತ್ತಿದ್ದೆವು. ಅಷ್ಟು ನಕ್ಕದ್ದು ನನಗೆ ನೆನಪಿಲ್ಲ.

ನಗದೇ ಇದ್ದವನು ಬಸವರಾಜ ಒಬ್ಬನೇ. ಅಂಗಳದಲ್ಲಿ ಅವನೊಬ್ಬನಿಗೇ ಎರಡೂ ಮಾತು ಗೊತ್ತು. ಇಡೀ ಊರು ತನಗೆ ಜೋಗುಳ ಹಾಡುತ್ತಿದೆ, ಅದನ್ನು ಶುರು ಮಾಡಿದವಳು ತನ್ನವ್ವ. ಅವನ ಕಿವಿ ಕೆಂಪಾದದ್ದು ನನಗೆ ಮೇಲಿನಿಂದಲೇ ಕಾಣುತ್ತಿತ್ತು. ಅಂದು ಅವನು ಗಾಳಿಯ ಚೆಂಡನ್ನೂ ಹಿಡಿಯಲಿಲ್ಲ. ಆಟ ಮುಗಿದ ಮೇಲೆ ಗೇಟಿನ ಹತ್ತಿರ ಬಂದು, ನನಗೊಂದು ನಮಸ್ಕಾರ ಮಾಡಿ, ಅವ್ವನಿಗೆ ನೆಲ ನೋಡುತ್ತ ಹೇಳಿದ: "ಅವ್ವಾ, ಇನ್ನ ನೀ ಬರಬ್ಯಾಡ. ಬಂದ್ರೂ ಬಾಯಿ ತೆಗೀಬ್ಯಾಡ." ಶರಣಮ್ಮ ಆಯ್ತಪ್ಪಾ ಎಂದರು. ಸ್ವಾರಗೇಟಿನವರೆಗೆ ಬಸ್ಸಿನಲ್ಲಿ ನನ್ನ ಪಕ್ಕ ಕೂತು ಅವರು ರೊಟ್ಟಿಯ ಗಂಟನ್ನು ಬಿಚ್ಚಿ ಕಟ್ಟುತ್ತ ಬಂದರು. ಇಳಿಯುವಾಗ, "ಕಲಿಸಿದ್ದೂ ನಾನ, ಕೆಡಿಸಿದ್ದೂ ನಾನ," ಎಂದರು. ನನಗೆ ಜೋಶಿ ಕಾಕಾನ ಮೇಲೆ ವಿಪರೀತ ಸಿಟ್ಟು ಬಂತು. ಅವರಿಗೆ ಮುಂದೆ ಎಂದಾದರೂ ಹಲ್ಲು ನೋವು ಬಂದರೆ ಮಧ್ಯಾಹ್ನದ ಊಟದ ಹೊತ್ತಿಗೇ ಅಪಾಯಿಂಟ್‌ಮೆಂಟು ಕೊಡುವುದೆಂದು ತೀರ್ಮಾನಿಸಿದೆ.

ಮುಂದಿನ ಶನಿವಾರಗಳಲ್ಲಿ ನನ್ನ ಪಕ್ಕದ ಕುರ್ಚಿ ಖಾಲಿ. ಜೋಗುಳ ಮಾತ್ರ ಊರಿಗೇ ಹಬ್ಬಿತ್ತು. ಸೋಲಲು ಶುರುವಾದ ಕೂಡಲೇ, ಅಂದರೆ ಆಟ ಶುರುವಾದ ಕೂಡಲೇ, ಉಗೀ ಉಗೀ ಏಳುತ್ತಿತ್ತು. ಬಸವರಾಜ ಹಿಡಿದದ್ದನ್ನೆಲ್ಲ ಹಂಚುತ್ತಲೇ ಇದ್ದ.

ಊರಿನಲ್ಲಿ ಆಡುವ ಕೊನೆಯ ಪಂದ್ಯ ಬಂತು. ಸೀಸನ್ನಿಗೂ ಅದೇ ಕೊನೆ, ಬಸವರಾಜನಿಗೂ. ನಾನು ಹೋಗಿ ಕೂತಿದ್ದೆ, ಪಕ್ಕದಲ್ಲಿ ಬಟ್ಟೆಯ ಗಂಟು ಬಂದು ಬಿತ್ತು. ಶರಣಮ್ಮ! ಮಾತಾಡಿಸಿದರೆ ಕೈ ಸನ್ನೆಯಲ್ಲೇ ಸುಮ್ಮನಿರಿ ಎಂದರು. ಸೆರಗಿನ ತುದಿಯನ್ನು ಮುದ್ದೆ ಮಾಡಿ ಬಾಯಿಗೆ ತುರುಕಿಕೊಂಡು ಕಾಲು ಮಡಚಿ ಕೂತುಬಿಟ್ಟರು. ನಾನೂ ಅವರಿಗೆ ಜೊತೆಯಾಗಿ ಬಾಯಿ ಮುಚ್ಚಿಕೊಂಡೆ. ನನ್ನಂಥವಳಿಗೆ ಅದು ಎಂಥ ಶಿಕ್ಷೆ ಎಂದು ನಿಮಗೆ ಬಿಡಿಸಿ ಹೇಳಬೇಕಾಗಿಲ್ಲ.

ಆಟ ಎಂದಿನಂತೆ ನಡೆಯಿತು. ಎದುರಾಳಿಗಳು ಮುಂದೆ, ನಮ್ಮವರು ಬಹಳ ಹಿಂದೆ. ಜೋಶಿ ಕಾಕಾ ಎದ್ದರು, ಜೋಗುಳ ಎದ್ದಿತು. ಅರ್ಧ ಆಟ ಕಳೆದು ಸ್ವಲ್ಪ ಹೊತ್ತಿಗೆ ಬಸವರಾಜ ಬಳೆಯ ಕೆಳಗೆ ಚೆಂಡು ಹಿಡಿದ. ಹಿಡಿದು, ಪದ್ಧತಿಯಂತೆ, ಯಾರಿಗೆ ಕೊಡಲಿ ಎಂದು ನೋಡಿದ. ನಮ್ಮ ತಂಡದ ಮಹಿಮೆ ಆಗ ಪೂರ್ತಿ ಪ್ರಕಟವಾಯಿತು. ಕ್ಯಾಪ್ಟನ್ ರೆಫ್ರಿಯ ಜೊತೆ ವಾದ ಮಾಡುತ್ತಿದ್ದ. ಒಬ್ಬ ಬಗ್ಗಿ ಲೇಸು ಕಟ್ಟಿಕೊಳ್ಳುತ್ತಿದ್ದ. ಇನ್ನೊಬ್ಬ ಜಾರಿ ಬಿದ್ದು ಛಾವಣಿ ನೋಡುತ್ತಿದ್ದ. ಮತ್ತೊಬ್ಬನ ಮುಂದೆ ಇಬ್ಬರು ಗೋಡೆಯಂತೆ ನಿಂತಿದ್ದರು. ಹಂಚಲು ಒಬ್ಬನೂ ಇಲ್ಲ. ಚೆಂಡನ್ನು ತಲೆಯ ಮೇಲೆ ಎತ್ತಿ ಹಿಡಿದುಕೊಂಡ ಆ ಉದ್ದನೆಯ ಹುಡುಗ ತಲೆ ತಿರುಗಿಸಿ ಸ್ಟ್ಯಾಂಡಿನತ್ತ, ಅವ್ವನತ್ತ ನೋಡಿದ.

ಶರಣಮ್ಮ ಬಾಯಿಂದ ಸೆರಗು ತೆಗೆದರು. ಈಗ ಕೂಗುತ್ತಾರೆ ಎಂದುಕೊಂಡೆ. ಕೂಗಲಿಲ್ಲ. ಬಲಗೈಯ ಐದು ಬೆರಳು ಕೂಡಿಸಿ, ತುತ್ತು ಮಾಡಿ, ತನ್ನ ಬಾಯಿಗೆ ಇಟ್ಟುಕೊಂಡು ತೋರಿಸಿದರು. ಮತ್ತೆ ಅವನತ್ತ ಬೆರಳು ತೋರಿಸಿ, ಮತ್ತೆ ತುತ್ತು. ನೀನ ತಿನ್ನು. ನೀನ ತಿನ್ನೋ ನನ್ನಪ್ಪಾ.

ಅವನು ತಿರುಗಿದ. ಜಿಗಿಯಲೂ ಇಲ್ಲ, ಅವನ ಎತ್ತರಕ್ಕೆ ಜಿಗಿಯುವ ಅಗತ್ಯವೂ ಇರಲಿಲ್ಲ. ಕೈ ಚಾಚಿ, ನೆಲುವಿನ ಮೇಲೆ ಗಡಿಗೆ ಇಟ್ಟ ಹಾಗೆ, ಚೆಂಡನ್ನು ಬಳೆಯೊಳಗೆ ಇಟ್ಟ.

ಜೋಗುಳ ಅರ್ಧದಲ್ಲೇ ನಿಂತಿತು. ಒಂದು ಗಳಿಗೆ ಯಾರಿಗೂ ಏನು ಮಾಡಬೇಕೆಂದು ತಿಳಿಯಲಿಲ್ಲ, ಅಂಥ ಪರಿಸ್ಥಿತಿಯ ಅಭ್ಯಾಸವೇ ನಮಗಿರಲಿಲ್ಲ. ಆಮೇಲೆ ಎದ್ದ ಕೂಗಿಗೆ ತಗಡಿನ ಛಾವಣಿ ನಡುಗಿತು. ಅಲ್ಲಿಂದ ಮುಂದೆ ಆ ಹುಡುಗನಿಗೆ ಹಸಿವು ಹತ್ತಿತು ನೋಡಿ! ಚೆಂಡು ಕೇಳಿ ಕೇಳಿ ಇಸಿದುಕೊಂಡ. ಹಾಕಿದ, ತಪ್ಪಿದ, ತಪ್ಪಿದ್ದನ್ನು ತಾನೇ ಹಿಡಿದು ಮತ್ತೆ ಹಾಕಿದ. ಕೋಚ್ ಸಾಹೇಬರ ಬಾಯಿಂದ ಟವೆಲು ಕೆಳಗೆ ಬಿತ್ತು. ಜೋಶಿ ಕಾಕಾ ಚೂಡಾದ ಡಬ್ಬಿಯನ್ನು ಹಿಂದಕ್ಕೆ ಚಾಚಿ ನಮಗೆ ಕೊಟ್ಟರು. ಅಂಕದಲ್ಲಿ ಬಹಳ ದೂರವಿದ್ದ ಎದುರಾಳಿಗಳು ಹತ್ತಿರ ಬಂದರು, ಇನ್ನೂ ಹತ್ತಿರ ಬಂದರು. ಕೊನೆಯ ಗಳಿಗೆಯಲ್ಲಿ ಬಸವರಾಜ ಎಸೆದ ಚೆಂಡು ಬಳೆಯ ಮೇಲೆ ಕೂತು, ಸುತ್ತು ಹಾಕಿ, ಯೋಚನೆ ಮಾಡಿ, ಹೊರಗೆ ಬಿತ್ತು. ರೆಫ್ರಿ ಸೀಟಿ ಊದಿದ. ಒಂದೇ ಒಂದು ಬುಟ್ಟಿಯ ಅಂತರದಲ್ಲಿ ನಾವು ಸೋತೆವು.

ಕೆಳಗೆ ಮ್ಯಾನೇಜರು ಬಸವರಾಜನ ಹತ್ತಿರ ಹೋದರು. ಅವರು ಏನು ಹೇಳುತ್ತಿದ್ದಾರೆಂದು ನಮಗೆ ಕೇಳುವಂತಿರಲಿಲ್ಲ. ಶರಣಮ್ಮ ನನ್ನ ಕೈ ಹಿಡಿದುಕೊಂಡರು. ರೊಟ್ಟಿ ಬಡಿದು ಗಟ್ಟಿಯಾದ ಅಂಗೈ ಒದ್ದೆಯಾಗಿತ್ತು. ಮ್ಯಾನೇಜರು ಮಾತಾಡಿದರು, ಬಸವರಾಜ ತಲೆ ತಗ್ಗಿಸಿ ಕೇಳಿದ, ಅವರು ಅವನ ಬೆನ್ನು ತಟ್ಟಲು ಕೈ ಎತ್ತಿ ಸೊಂಟದ ಹತ್ತಿರ ತಟ್ಟಿ ಹೋದರು. ಅವನು ಎರಡೆರಡು ಮೆಟ್ಟಿಲು ದಾಟಿ ಮೇಲೆ ಬಂದ.

"ಅವ್ವಾ, ಮುಂದಿನ ವರ್ಷನೂ ಇರು ಅಂದ್ರು."

"ಕುರಕುಂಭ?"

"ಮಾಮಾಗ ಫೋನ್ ಮಾಡಿ ಹೇಳ್ತೀನಿ, ಬರಂಗಿಲ್ಲ ಅಂತ." ಆಮೇಲೆ ಎತ್ತಲೋ ನೋಡುತ್ತ, "ನೀ ವಾರಾ ವಾರಾ ಬಾ. ಹಿಂಗ ಬಾಯಾಗ ಸೆರಗು ಹಾಕ್ಕೊಂಡು ಕುಂದ್ರಬ್ಯಾಡ, ನೋಡಾಕ ಆಗಂಗಿಲ್ಲ. ಮೊದಲಿನಂಗ ಒದರು," ಎಂದ.

ಮಗನ ಮುಖ ಕೈಗೆ ಎಟುಕುವುದಿಲ್ಲವೆಂದು ಶರಣಮ್ಮ ಕುರ್ಚಿಯ ಮೇಲೆ ಹತ್ತಿ ನಿಂತರು. ಎರಡೂ ಕೈಯಿಂದ ಅವನ ಬೆವೆತ ಮುಖ ಸವರಿ ತಮ್ಮ ಕಪಾಲಕ್ಕೆ ಒತ್ತಿ ಲಟಲಟನೆ ನೆಟಿಗೆ ಮುರಿದರು. ಜೋಶಿ ಕಾಕಾ ಕಣ್ಣೊರೆಸಿಕೊಂಡರು. ನಾನೂ ಒರೆಸಿಕೊಂಡೆ, ಚೂಡಾ ಖಾರವಿತ್ತು ಎಂದು ಹೇಳಿದೆ.

ಹೊರಗೆ ಬಂದು ಹಡಪಸರಕ್ಕೆ ಆಟೋ ಹತ್ತಿದೆವು. ಶರಣಮ್ಮ, ನಾನು, ಮತ್ತು ಮಡಚಿದ ಕೊಡೆಯಂತೆ ಬಸವರಾಜ. ಮೂವರೂ ನಗುತ್ತಿದ್ದೆವು, ಒಟ್ಟಿಗೆ ಮಾತಾಡುತ್ತಿದ್ದೆವು. ಡ್ರೈವರು ಕನ್ನಡಿಯಲ್ಲಿ ನಮ್ಮನ್ನು ನೋಡಿ, ಘೋರಪಡ್ಸ್ ಗೆದ್ದರೇನು ಎಂದು ಮರಾಠಿಯಲ್ಲಿ ಕೇಳಿದ. "ಜಿಂಕಲೋ ಭಾವು, ಜಿಂಕಲೋ! ಗೆದ್ದೀವಪ್ಪಾ!" ಎಂದು ಶರಣಮ್ಮ ಅವನ ಭುಜ ತಟ್ಟಿದರು. ಬಸವರಾಜ ನನ್ನತ್ತ ನೋಡಿದ. ಯಾರಾದರೂ ಸ್ಕೋರು ತಪ್ಪು ಹೇಳಿದರೆ ನಾನು ತಡೆದುಕೊಳ್ಳುವವಳಲ್ಲ, ಅದು ಅವನಿಗೂ ಅಷ್ಟರಲ್ಲಿ ಗೊತ್ತಾಗಿತ್ತು. ತಿದ್ದಲು ಬಾಯಿ ತೆರೆದೆ. ಶರಣಮ್ಮನ ಮುಖ ನೋಡಿದೆ.

"ಭಾರಿ ಅಂತರದಲ್ಲಿ," ಎಂದೆ ಡ್ರೈವರನಿಗೆ.